ಉಸಿರಾಟದ ಚಿಕಿತ್ಸೆ: ಪ್ರಾಚೀನತೆಯೂ ಪ್ರಮಾಣವೂ

ಮನೋವ್ಯಾಧಿಗಳ ಚಿಕಿತ್ಸೆಯಲ್ಲಿ ಔಷಧದೊಡನೆ ಯೋಗ, ಪ್ರಾಣಾಯಾಮಗಳಿಗೂ ಸ್ಥಾನವಿರಬೇಕೆಂಬ ವಾದವು ಈಗ ವೈದ್ಯರಲ್ಲಿಯೂ ಬಲಗೊಂಡಿದೆ. ಬೆಟಗೇರಿಯ ನೇಕಾರರ ಓಣಿಗಳವರೆಗೂ ಅದು ತಲುಪಿದೆ. ಇವು ಸಾವಿರಾರು ವರ್ಷಗಳಿಂದ ನಡೆದುಬಂದುವು, ಆದುದರಿಂದ ಫಲಕಾರಿ ಎಂಬುದೇ ಜನರು ಅದಕ್ಕೆ ಕೊಡುವ ಮುಖ್ಯ ಆಧಾರ. ಇತಿಹಾಸದ ಅಭ್ಯಾಸಿಗಳಾದ ನಾವು ಮೊದಲು ಈ ಆಧಾರವನ್ನೇ ಪರೀಕ್ಷಿಸಬೇಕಾಗಿದೆ.

ಯೋಗಶಾಸ್ತ್ರದ ಪ್ರಾಚೀನತೆ ನಿರ್ವಿವಾದವಾದುದು. ಆದರೆ ಅದರ ಪರಮ ಗುರಿ ಕೈವಲ್ಯ. ರೋಗಶಮನವು ಆನುಷಂಗಿಕ ಫಲ ಮಾತ್ರ. ಆಸನ ಪ್ರಾಣಾಯಾಮಗಳನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಕಾರ್ಯಕ್ಕೆ ಕುವಲಯಾನಂದರು ಲೋಣಾವಳೆಯಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದುದು 1924ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಮೈಸೂರಿನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಯಿಸಲಾರಂಭಿಸಿದುದು 1933ರಲ್ಲಿ. ಇಂದು ನಾವು ಕಾಣುವ ಚಿಕಿತ್ಸಾರೂಪದ ಯೋಗದ ವಯಸ್ಸು ಸುಮಾರು ಒಂದು ಶತಮಾನವೆಂದೇ ಹೇಳಬೇಕು.

ಹಾಗಾದರೆ ಪ್ರಮಾಣವೆಲ್ಲಿ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 2000ದಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇಲ್ಲಿ ವಿಚಾರಾರ್ಹವಾಗಿದೆ. ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ 45 ರೋಗಿಗಳನ್ನು ಅವರು 15ರಂತೆ ಮೂರು ಗುಂಪುಗಳಲ್ಲಿ ಹಂಚಿದರು. ಒಂದಕ್ಕೆ ವಿದ್ಯುದಾಘಾತ ಚಿಕಿತ್ಸೆ, ಇನ್ನೊಂದಕ್ಕೆ ಇಮಿಪ್ರಮೀನ್ ಔಷಧ, ಮತ್ತೊಂದಕ್ಕೆ ಸುದರ್ಶನ ಕ್ರಿಯೆಯೆಂಬ ಉಸಿರಾಟದ ಅಭ್ಯಾಸ. ನಾಲ್ಕು ವಾರಗಳಲ್ಲಿ ರೋಗಲಕ್ಷಣಗಳು ಶಮನಗೊಂಡವರು ಕ್ರಮವಾಗಿ ನೂರಕ್ಕೆ 93, 73 ಮತ್ತು 67.

ಕೇವಲ ಉಸಿರಾಟದ ಅಭ್ಯಾಸವು ಔಷಧದ ಸಮೀಪಕ್ಕೆ ಬಂದುದು ಗಣ್ಯ ಸಂಗತಿಯೇ ಸರಿ. ಆದರೆ 15 ಜನರ ಗುಂಪಿನಲ್ಲಿ ಒಬ್ಬ ರೋಗಿಯೆಂದರೆ ನೂರಕ್ಕೆ ಸುಮಾರು 7. ಔಷಧಕ್ಕೂ ಉಸಿರಾಟಕ್ಕೂ ಇದ್ದ ಅಂತರ ಇಷ್ಟೇ. ಚಿಕಿತ್ಸೆಯಿಲ್ಲದ ಗುಂಪು ಇಲ್ಲಿರಲಿಲ್ಲವಾಗಿ, ಆಸ್ಪತ್ರೆಯ ಆರೈಕೆಯಿಂದಲೇ ಎಷ್ಟು ಗುಣವಾಯಿತೆಂಬುದನ್ನು ಬೇರ್ಪಡಿಸಲು ಬಾರದು. ಆಘಾತಗೊಂಡ ಮನಸ್ಸುಗಳಿಗೆ ಈ ಫಲವನ್ನು ಅನ್ವಯಿಸುವುದೂ ಅವಸರವೇ. ವಿದ್ಯುದಾಘಾತ ಚಿಕಿತ್ಸೆಯೇ ಮೇಲಾಯಿತೆಂಬುದನ್ನು ಮರೆತು, ಪ್ರಾಚೀನತೆಯ ಮೇಲಣ ನಂಬಿಕೆಯಿಂದ ರೋಗಿಯ ಔಷಧವನ್ನು ಬಿಡಿಸಿದರೆ ಅನಾಹುತವಾದೀತು.

ಇನ್ನೊಂದು ಕೊರತೆಯನ್ನೂ ನಾವು ಗುರುತಿಸಬೇಕು. ದೇಹ, ಮನಸ್ಸುಗಳನ್ನು ಕೂಡಿಸಿದ ಮಾತ್ರಕ್ಕೆ ಚಿಕಿತ್ಸೆ ಸಮಗ್ರವಾಗದು. ಸಾಲದಿಂದ ನಿದ್ರೆಗೆಟ್ಟ ನೇಕಾರನಿಗೆ ಪ್ರಾಣಾಯಾಮವು ನಿದ್ರೆಯನ್ನು ತರಬಹುದು, ಸಾಲವನ್ನು ತೀರಿಸಲಾರದು. ಗದಗಿನ ನೆರೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದನ್ನು ನಾವು ಆರ್ಥಿಕ ಇತಿಹಾಸದಲ್ಲಿ ಓದಿಸುತ್ತೇವೆ. ಮನಃಶಾಂತಿಯ ಇತಿಹಾಸದಲ್ಲಿಯೂ ಅದಕ್ಕೆ ಸ್ಥಾನ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.