ಮುಖ ತೋರಿಸದವನ ದನಿ

ಜಡ್ಜ್ ಡ್ರೆಡ್ ಯಾರಿಗೂ ಪೂರ್ತಿ ಮುಖ ತೋರಿಸುವವನಲ್ಲ. 1977ರಲ್ಲಿ '2000 ಎಡಿ' ಎಂಬ ಬ್ರಿಟಿಷ್ ಕಾಮಿಕ್ಸ್ ವಾರಪತ್ರಿಕೆಯಲ್ಲಿ ಹುಟ್ಟಿದ ಈ ಭವಿಷ್ಯದ ಪೊಲೀಸನಲ್ಲಿ ಓದುಗರು ಕಂಡದ್ದು ಹೆಲ್ಮೆಟ್, ಬಿಗಿದ ಬಾಯಿ, ಗದ್ದ ಅಷ್ಟೆ. ಹಿಡಿಯುವವನೂ ಅವನೇ, ತೀರ್ಪು ಕೊಡುವವನೂ ಅವನೇ.

ಧ್ವನಿನಾಟಕಕ್ಕೆ ಹೇಳಿ ಮಾಡಿಸಿದ ಪಾತ್ರ! 1990ರ ದಶಕದಲ್ಲಿ ಡರ್ಕ್ ಮ್ಯಾಗ್ಸ್ ಇವನನ್ನು ಬಿಬಿಸಿ ರೇಡಿಯೊಗೆ ತಂದರು; 2002ರಿಂದ ಬಿಗ್ ಫಿನಿಷ್ ಸಂಸ್ಥೆ ಹೊರತಂದ ಕಥೆಗಳಲ್ಲಿ ಟೋಬಿ ಲಾಂಗ್‌ವರ್ತ್ ದನಿಯಾದರು. ಚಿತ್ರಕಾರ ಒಂದೇ ಚೌಕದಲ್ಲಿ ತೋರಿಸಿಬಿಡುವ ದೈತ್ಯ ನಗರವನ್ನು ಇಲ್ಲಿ ಬೈಕಿನ ಮೊರೆತ, ಬೂಟಿನ ಸದ್ದು, ಮಾರ್ದನಿಗಳಿಂದಲೇ ಕಟ್ಟಬೇಕು. ಕೆಟ್ಟ ಬರಹಗಾರ 'ಅಯ್ಯೋ, ಅವನ ಕೈಲಿ ಪಿಸ್ತೂಲಿದೆ!' ಎಂದು ಪಾತ್ರದ ಬಾಯಲ್ಲೇ ವರದಿ ಒಪ್ಪಿಸುತ್ತಾನೆ. ಒಳ್ಳೆಯವನು ಪಿಸ್ತೂಲಿನ ಕುದುರೆ ಎಳೆದ ಸಪ್ಪಳ ಕೇಳಿಸಿ ಸುಮ್ಮನಾಗುತ್ತಾನೆ.

ಮಂಡ್ಯ, ಮದ್ದೂರು, ಮಳವಳ್ಳಿಯ ಕಿವಿಗಳಿಗೆ ಈ ವಿದ್ಯೆ ಹೊಸತೇನಲ್ಲ. ಪೌರಾಣಿಕ ನಾಟಕದ ರಾತ್ರಿ ಪೆಂಡಾಲಿನ ಕೊನೆಯಲ್ಲಿ ಕೂತವರಿಗೆ ದುರ್ಯೋಧನ ಗೊತ್ತಾಗುವುದು ಮೈಕಿನ ಅಬ್ಬರದಿಂದಲೇ. ಪಕ್ಕದಲ್ಲೇ ಮೈಸೂರು, ಅಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ್ದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ್ದೇ.

ಡ್ರೆಡ್ ಎಂದಾದರೂ ಕನ್ನಡ ಆಡುವುದಾದರೆ ಶಿಷ್ಟ ಭಾಷೆ ಬೇಡ. ಮಳವಳ್ಳಿ ಕಡೆಯ ಗಡಸು ಗಂಟಲಿನ ಒಂದು 'ಏನ್ಲಾ' ಸಾಕು, ಅರ್ಧ ಕಳ್ಳರು ಶರಣಾಗುತ್ತಾರೆ.