ಸಾಕ್ಷ್ಯವೂ ಪಕ್ಷವೂ: ಯೋರಿಸ್ ಈವನ್ಸರ ಚಿತ್ರಗಳು

ಸಾಕ್ಷಿಯಾದವನು ಉದಾಸೀನನಾಗಿರಬೇಕೆಂಬುದು ಶಾಸ್ತ್ರಸಮ್ಮತವಾದ ಮಾತು. ಸಾಕ್ಷ್ಯಚಿತ್ರವೆಂಬ ಹೆಸರಿನಲ್ಲಿಯೂ ಈ ನಿರೀಕ್ಷೆಯು ಅಡಗಿರುವುದು. ಡಚ್ ನಿರ್ದೇಶಕರಾದ ಯೋರಿಸ್ ಈವನ್ಸರಾದರೋ (1898–1989) ಕಾರ್ಮಿಕರ ಮತ್ತು ಪರಾಧೀನ ಜನಾಂಗಗಳ ಪಕ್ಷವನ್ನು ಬಹಿರಂಗವಾಗಿ ವಹಿಸಿದವರು. ಇದರಿಂದ ಅವರ ಸಾಕ್ಷ್ಯವು ಕೆಟ್ಟಿತೇ ಎಂಬುದು ವಿಮರ್ಶಕರಿಗೆ ಎದುರಾಗುವ ಮೊದಲನೆಯ ಪ್ರಶ್ನೆ.

‘ಸೇತುವೆ’ (1928), ‘ಮಳೆ’ (1929) ಎಂಬ ಆರಂಭದ ಚಿತ್ರಗಳಲ್ಲಿ ಚಲನೆ, ಬೆಳಕು, ಲಯ ಇವುಗಳೇ ಪ್ರಧಾನವು. ಆನ್ರಿ ಸ್ಟೋರ್ಕರೊಡನೆ ತೆಗೆದ ‘ಬೋರಿನಾಜ್’ (1933) ಚಿತ್ರದಲ್ಲಿ ಈ ಸೌಂದರ್ಯಾಸಕ್ತಿಯು ಹಿಂದೆ ಸರಿದಿದೆ. 1932ರ ಮುಷ್ಕರದ ತರುವಾಯ ಬೆಲ್ಜಿಯಮಿನ ಕಲ್ಲಿದ್ದಲ ಗಣಿಗಳ ಕೆಲಸಗಾರರು ಪಟ್ಟ ದೈನ್ಯವೇ ಅದರ ವಸ್ತು. ಅದರಲ್ಲಿ ಮಾರ್ಕ್ಸನ ಪಟವನ್ನು ಹೊತ್ತ ಮೆರವಣಿಗೆಯು ಚಿತ್ರಕ್ಕಾಗಿ ಮರಳಿ ಏರ್ಪಡಿಸಿದುದು. ಆದರೆ ನಡೆಯುತ್ತ ನಡೆಯುತ್ತ ಅದು ನಿಜವಾದ ಮೆರವಣಿಗೆಯೇ ಆಯಿತು. ಅಭಿನಯವೆಂದ ಮಾತ್ರಕ್ಕೆ ಅಸತ್ಯವೆನ್ನಲು ಇಲ್ಲಿ ಅವಕಾಶವಿಲ್ಲ.

1945ರಲ್ಲಿ ಈವನ್ಸರು ಡಚ್ ಈಸ್ಟ್ ಇಂಡೀಸ್ ಸರ್ಕಾರದ ಚಲಚ್ಚಿತ್ರಾಧಿಕಾರಿಯ ಪದವಿಯನ್ನು ತ್ಯಜಿಸಿದರು. ಇಂಡೊನೇಷ್ಯದ ಸ್ವಾತಂತ್ರ್ಯವನ್ನು ಒಪ್ಪದ ಸರ್ಕಾರದ ಸೇವೆಯು ಅವರಿಗೆ ಒಗ್ಗಲಿಲ್ಲ. ಮರುವರ್ಷದ ‘ಇಂಡೊನೇಷ್ಯ ಕಾಲಿಂಗ್’ ಚಿತ್ರವು ಡಚ್ಚರ ಹಡಗುಗಳನ್ನು ತಡೆದ ಆಸ್ಟ್ರೇಲಿಯದ ಬಂದರು ಕೆಲಸಗಾರರನ್ನೂ, ಅವರೊಡನೆ ನಿಂತ ಭಾರತೀಯ ನಾವಿಕರನ್ನೂ ತೋರಿಸುವುದು. ಇಲ್ಲಿ ಪಕ್ಷವಹಿಸಿದುದಕ್ಕೆ ನಿರ್ದೇಶಕರು ಸ್ವದೇಶದ ಸರ್ಕಾರದ ವಿಶ್ವಾಸವನ್ನೇ ತೆತ್ತರು. ಆದುದರಿಂದ ಈ ಸಾಕ್ಷ್ಯಕ್ಕೆ ತೂಕವುಂಟು.

ಮಾರ್ಸೆಲಿನ್ ಲೊರಿದಾನರೊಡನೆ ಚೀನದಲ್ಲಿ ತೆಗೆದು 1976ರಲ್ಲಿ ಪ್ರಕಟಿಸಿದ ‘ಯುಕಾಂಗ್’ ಮಾಲಿಕೆಯ ವಿಷಯದಲ್ಲಿ ಇದೇ ಮಾತನ್ನು ಹೇಳಲಾಗದು. ಸುಮಾರು 12 ಗಂಟೆಗಳ ಈ 12 ಚಿತ್ರಗಳಲ್ಲಿ ಸಾಮಾನ್ಯ ಜನರ ಮಾತನ್ನು ಆಲಿಸುವ ತಾಳ್ಮೆಯು ಶ್ಲಾಘ್ಯವಾದುದು. ಆದರೆ ಸಾಂಸ್ಕೃತಿಕ ಕ್ರಾಂತಿಯ ಕ್ರೌರ್ಯಕ್ಕೆ ಗುರಿಯಾದವರು ಅಲ್ಲಿ ಮಾತನಾಡುವುದಿಲ್ಲ. ಹಿಂದೆ ಅಧಿಕಾರದ ಎದುರು ನಿಂತಿದ್ದ ಕ್ಯಾಮೆರಾ ಇಲ್ಲಿ ಅಧಿಕಾರದ ಅತಿಥಿಯಾಗಿರುವುದು. ಪಕ್ಷವು ಬದಲಾಗಲಿಲ್ಲವೆಂದು ನಿರ್ದೇಶಕರು ನಂಬಿದ್ದಿರಬಹುದು; ನಿಂತ ಸ್ಥಳವು ಮಾತ್ರ ಬದಲಾಗಿದ್ದಿತು.

ಕೊನೆಯ ಕೃತಿಯಾದ ‘ಗಾಳಿಯ ಕಥೆ’ (1988) ಈ ಲೋಪಕ್ಕೆ ಪ್ರಾಯಶ್ಚಿತ್ತದಂತಿದೆ. ಪ್ರಾಚೀನ ಚೀನದ ಮಣ್ಣಿನ ಯೋಧರ ಪ್ರತಿಮೆಗಳನ್ನು ಮನಬಂದಂತೆ ಚಿತ್ರಿಸಲು ಅಧಿಕಾರಿಗಳು ಸಮ್ಮತಿಸುವುದಿಲ್ಲ. ವೃದ್ಧ ಈವನ್ಸರು ಆ ವಾಗ್ವಾದವನ್ನೇ ತೆರೆಯ ಮೇಲೆ ತಂದು, ಬಳಿಕ ಪ್ರತಿಮೆಗಳ ನಕಲುಗಳಿಂದ ಕಾರ್ಯವನ್ನು ಸಾಧಿಸುವರು. ಅನುಮತಿಯ ಎಲ್ಲೆ ಯಾವುದೆಂದು ನೋಡುವವನಿಗೆ ಸ್ಪಷ್ಟವಾಗುವುದು. ‘ಯುಕಾಂಗ್’ ಮಾಲಿಕೆಗೆ ಕೊರತೆಯಾದುದು ಈ ಒಂದು ದೃಶ್ಯವೇ. ಸಾಕ್ಷಿಯು ಪಕ್ಷವನ್ನು ವಹಿಸುವುದು ದೋಷವಲ್ಲ. ತಾನು ಯಾರ ಅನುಮತಿಯಿಂದ ನೋಡುತ್ತಿರುವೆನೆಂಬುದನ್ನು ಮರೆಮಾಡುವುದೇ ದೋಷವು.