ಐದು ಗಂಟೆಯ ನಂತರದ ತ್ಸುಮಾಗೊ

ಹಳೆಯ ತಂಗುಮನೆಗಳ ಹುಚ್ಚು ಹತ್ತಿದವರು ಮೊದಲು ವಿಚಾರಿಸುವುದು ಕಟ್ಟಡದ ವಯಸ್ಸನ್ನು. ನಾನು ಮೊದಲು ಕೇಳುವುದು ಊಟದ ಹೊತ್ತನ್ನು. 'ನಿಮಗೆ ಬೇಕಾದಾಗ' ಎಂದರೆ ಕಂಬ ತೊಲೆಗಳು ಎಷ್ಟೇ ಪುರಾತನವಾಗಿರಲಿ, ಅದು ಹೋಟೆಲು. 'ಆರಕ್ಕೆ, ಅಷ್ಟರಲ್ಲಿ ಸ್ನಾನ ಮುಗಿಸಿರಿ' ಎಂದರೆ ಅಸಲು ತಂಗುಮನೆ.

ಜಪಾನಿನ ಕಿಸೊ ಕಣಿವೆಯ ತ್ಸುಮಾಗೊ ಈ ಪರೀಕ್ಷೆಯಲ್ಲಿ ಗೆಲ್ಲುವ ಊರು. ಎದೊ, ಅಂದರೆ ಇಂದಿನ ಟೋಕಿಯೊದಿಂದ ಬೆಟ್ಟಗಳ ನಡುವೆ ಕ್ಯೋಟೊಗೆ ಹೋಗುತ್ತಿದ್ದ ನಾಕಾಸೆಂಡೊ ರಸ್ತೆ ಸುಮಾರು 530 ಕಿ.ಮೀ. ಉದ್ದ. ಅದರ 69 ತಂಗುದಾಣಗಳಲ್ಲಿ ಇದು 42ನೆಯದು. ಟೊಕುಗಾವಾ ಮನೆತನದ ಆಳ್ವಿಕೆಯಲ್ಲಿ ಸಾಮಂತರು ಸರದಿಯಂತೆ ಎದೊಗೆ ಹೋಗಿ ನೆಲೆಸಲೇಬೇಕಿತ್ತು. ದಾರಿಯಲ್ಲಿ ಅವರಿಗೆ ಹೋಂಜಿನ್ ಎಂಬ ದೊಡ್ಡ ಮನೆ, ಅದು ಸಾಲದಾದಾಗ ವಾಕಿಹೋಂಜಿನ್. ಸಾಮಾನ್ಯರಿಗೆ ಊಟ ಸಹಿತ ಹತಾಗೊ. ಅಷ್ಟೂ ಕಾಸಿಲ್ಲದವರು ಸೌದೆಯ ದುಡ್ಡು ಮಾತ್ರ ಕೊಟ್ಟು, ತಾವೇ ಬೇಯಿಸಿಕೊಂಡು ಮಲಗುವ ಮನೆಗಳೂ ಇದ್ದವು.

1911ರಲ್ಲಿ ಚೂವೊ ರೈಲುಮಾರ್ಗ ಪೂರ್ಣಗೊಂಡಿತು. ನಡೆದು ಬರುವವರು ಇಲ್ಲದೆ ಊರು ಸೊರಗಿತು. ಹೊಸದು ಕಟ್ಟುವ ತ್ರಾಣವಿಲ್ಲದ್ದರಿಂದ ಹಳೆಯದು ಉಳಿಯಿತು. 1968ರಲ್ಲಿ ದುರಸ್ತಿ ಶುರುವಾಯಿತು. ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂದು ಊರವರೇ 1971ರಲ್ಲಿ ಕಟ್ಟುಪಾಡು ಮಾಡಿಕೊಂಡರು. ವಿದ್ಯುತ್ ತಂತಿಗಳು ಬೀದಿಯಿಂದ ಕಣ್ಮರೆಯಾದವು.

ಹಗಲಿನಲ್ಲಿ ಬಸ್ಸಿನವರು ಬರುತ್ತಾರೆ, ಫೋಟೊ ತೆಗೆಯುತ್ತಾರೆ. 1877ರಲ್ಲಿ ಮತ್ತೆ ಕಟ್ಟಿದ ವಾಕಿಹೋಂಜಿನ್‌ನ ಒಲೆಗುಳಿಯಲ್ಲಿ ಬೆಂಕಿ ಉರಿಯುವುದನ್ನು ನೋಡುತ್ತಾರೆ. ಆ ಹೊಗೆಯೇ ಹುಳು ಹತ್ತದಂತೆ ಮರವನ್ನು ಕಾಯುತ್ತದೆ. ಐದರ ಹೊತ್ತಿಗೆ ಅಂಗಡಿಗಳು ಮುಚ್ಚುತ್ತವೆ, ಬಸ್ಸುಗಳು ಹೊರಡುತ್ತವೆ. ಉಳಿದುಕೊಂಡವರ ಊರು ಶುರುವಾಗುವುದು ಆಗ.

ತಂಗುಮನೆಯ ವೇಳಾಪಟ್ಟಿ ಅರ್ಥವಾಗಬೇಕಾದರೆ ಪಕ್ಕದ ಮಾಗೊಮೆಯಿಂದ ಎಂಟು ಕಿ.ಮೀ. ನಡೆದೇ ಬರಬೇಕು. ಈ ದಿಕ್ಕಿನಲ್ಲಿ ಏರು ಕಡಿಮೆ, ಇಳಿಜಾರು ಹೆಚ್ಚು. ದಾರಿಯಲ್ಲಿ ಕರಡಿಯನ್ನು ದೂರವಿಡಲು ಬಾರಿಸುವ ಗಂಟೆಗಳಿವೆ, ನಾಚಿಕೆಪಡದೆ ಬಾರಿಸಿ. ಕಾಲು ಸೋತು ಬಂದವರಿಗೆ ಮೊದಲು ಬೇಕಾದದ್ದು ಬಿಸಿನೀರು, ಆಮೇಲೆ ಊಟ, ಆಮೇಲೆ ನಿದ್ದೆ. ಬೆಳಕು ಹರಿದೊಡನೆ ಮತ್ತೆ ದಾರಿ. ಮನೆಯವರ ನಿಯಮಗಳೆಲ್ಲ ಈ ಕ್ರಮದಿಂದಲೇ ಹುಟ್ಟಿದವು. ಕಾರಿನಲ್ಲಿ ಬಂದವರಿಗೆ ಅವು ಜುಲುಮೆಯಂತೆ ಕಾಣುವುದು ಸಹಜ.

ಮೈಯನ್ನು ಹೊರಗೇ ಉಜ್ಜಿ ತೊಳೆದು, ಆಮೇಲಷ್ಟೇ ತೊಟ್ಟಿಗಿಳಿಯಬೇಕು; ಅದೇ ನೀರಿಗೆ ನಿಮ್ಮ ನಂತರದವರೂ ಇಳಿಯಬೇಕಲ್ಲ. ಊಟಕ್ಕೆ ಉಪ್ಪು ಸವರಿ ಸುಟ್ಟ ಹೊಳೆಮೀನು, ಸೋಬಾ ಶಾವಿಗೆ, ಕಾಡಿನ ಸೊಪ್ಪು. ಅಕ್ರೋಟಿನ ಸಿಹಿ ಗೊಜ್ಜು ಬಳಿದು ಕೆಂಡದಲ್ಲಿ ಸುಟ್ಟ ಗೊಹೆಯಿಮೊಚಿ ಎಂಬ ಅನ್ನದ ಮುದ್ದೆ ಸಿಕ್ಕರೆ ಬಿಡಬೇಡಿ. ಹಾಸಿಗೆ ಚಾಪೆಯ ಮೇಲೆ. ಹಳೆಯ ಮನೆಗಳಲ್ಲಿ ಕೋಣೆಗಳ ನಡುವೆ ಕಾಗದದ ಜಾರುಕದ ಮಾತ್ರ. ಪಕ್ಕದವರ ಗೊರಕೆಯೂ ಆತಿಥ್ಯದಲ್ಲಿ ಸೇರಿದೆ.

ಸಸ್ಯಾಹಾರಿಗಳಿಗೊಂದು ಕಿವಿಮಾತು: ಕೋಣೆ ಕಾದಿರಿಸುವಾಗಲೇ ಹೇಳಿಬಿಡಿ. ತರಕಾರಿ ಸಾರಿಗೂ ಒಣಮೀನಿನ ರಸವೇ ಬುಡ. ಸಂಜೆ ಬಾಗಿಲಲ್ಲಿ ನಿಂತು ಹೇಳಿದರೆ, ಬಗೆಬಗೆಯ ತಟ್ಟೆಗಳ ಮುಂದೆ ಕುಳಿತು ಬರೀ ಅನ್ನ ಉಪ್ಪಿನಕಾಯಿ ತಿನ್ನಬೇಕಾದೀತು.